ಕಣದಲ್ಲಿ ನಿಂತಿರುವ ಕಾಣದ ಮದನಿಕೆಯವರಿಗೆ ಒಂದು ಒಕ್ಕಣೆ

ಕೆಂಚನಕೊಪ್ಪಲು,
ಹಳ್ಳಿಮೈಸೂರು ಹೋಬಳಿ, ಹೊಳೆನರಸೀಪುರ ತಾಲ್ಲೂಕು

ಮಾನ್ಯರೇ,

ಕೆಂಚನಕೊಪ್ಪಲಿನ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯೂ, ತಾವು ಸದ್ಯಕ್ಕೆ ಕಾಲೂರಿರುವ ಕಣದ ಒಡತಿಯೂ ಆದ ಜಯಲಕ್ಷ್ಮಮ್ಮ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ತಾವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ತಾವಿರುವುದೂ ಇಲ್ಲೇ, ನಮ್ಮ ಹಿತ್ತಿಲ ಬಾಗಿಲು ತೆರೆದರೆ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಎಂದು ಊರೆಲ್ಲ ಹೇಳುತ್ತಿರುವುದರಿಂದ, ಬಾಗಿಲು ತೆರೆದಾಗ ನನ್ನ ಕಣ್ಣಿಗೆ ಕಣವೂ ಅದರಾಚೆಯ ಬೇಲಿಯೂ ಬಿಟ್ಟರೆ ಬೇರೇನೂ ಕಾಣದಿರುವುದರಿಂದ, ತಮ್ಮ ಕ್ಷೇಮವನ್ನು ಎತ್ತ ಮುಖ ಮಾಡಿ ವಿಚಾರಿಸಬೇಕೋ ತಿಳಿಯದೆ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಈ ಪತ್ರ ಯಾರ ಕೈಗೆ ಸಿಕ್ಕರೂ, ದಯಮಾಡಿ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ತಮ್ಮೆದುರು ನಿಂತು, ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.

ಒಕ್ಕಣೆ ಸ್ವಲ್ಪ ಉದ್ದವಾದರೆ ಮನ್ನಿಸಬೇಕು. ನಮ್ಮ ಕಡೆ ಒಕ್ಕಣೆ ಎಂದರೆ ಕಾಗದ ಬರೆಯುವ ರೀತಿಯೂ ಹೌದು, ಕಣದಲ್ಲಿ ರಾಗಿ ಒಕ್ಕುವುದೂ ಹೌದು. ಎರಡನೆಯದಕ್ಕೆ ತಾವು ಅಡ್ಡ ನಿಂತಿದ್ದರಿಂದ ನಾನು ಮೊದಲನೆಯದಕ್ಕೆ ಕೂರಬೇಕಾಗಿ ಬಂದಿದೆ.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಹಾಸನದಲ್ಲಿ 'ಅಂಗೈ ಕಲಾ ಪ್ರತಿಷ್ಠಾನ' ಎಂಬುದೊಂದು ಹುಟ್ಟಿಕೊಂಡು, ಜಿಲ್ಲೆಯ ಅಲ್ಲಲ್ಲಿ ಬರಿಗಣ್ಣಿಗೆ ಕಾಣದ, ಫೋನಿಗೆ ಮಾತ್ರ ಕಾಣುವ ಕಲಾಕೃತಿಗಳನ್ನು ನಿಲ್ಲಿಸಿದೆ. ಹೇಳಿದ ಜಾಗದಲ್ಲೇ ನಿಂತು ಫೋನು ಎತ್ತಿ ಹಿಡಿದರೆ ಬಯಲಿನಲ್ಲಿ ಬೊಂಬೆ ಎದ್ದು ನಿಲ್ಲುತ್ತದೆ, ಇಳಿಸಿದರೆ ಮತ್ತೆ ಬಯಲೇ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರುಕಟ್ಟೆಯ ಮೇಲೆ ಲಾರಿಗಾತ್ರದ ಕಾಯಿಯೊಂದನ್ನು ತೇಲಿಬಿಟ್ಟಿದ್ದಾರೆ, ಅದಕ್ಕೆ ಜುಟ್ಟಿಲ್ಲವೆಂದು ವರ್ತಕರು ಆಗಲೇ ತಕರಾರು ತೆಗೆದಿದ್ದಾರಂತೆ. ಅರಕಲಗೂಡಿನ ಸಂತೆಯಲ್ಲಿ ಒಂದು ಹಾರುವ ಮೀನಿದೆ, ಅದನ್ನು ಬಾಯಿಬಿಟ್ಟು ನೋಡುತ್ತ ನಿಂತವರೊಬ್ಬರ ಕೈಚೀಲದಿಂದ ನಿಜವಾದ ಮೀನನ್ನು ಬೆಕ್ಕು ಎಳೆದುಕೊಂಡು ಹೋಯಿತಂತೆ. ಅದೇ ಸಾಲಿನಲ್ಲಿ ತಾವು, ಮೊಸಳೆ ಎಂಬ ಊರಿನ ಹೊಯ್ಸಳರ ಜೋಡಿ ಗುಡಿಗಳ ಗೋಡೆಯಿಂದ ಸ್ವಲ್ಪವನ್ನೂ ಕಲಾವಿದರ ತಲೆಯಿಂದ ಬಹಳಷ್ಟನ್ನೂ ಪಡೆದು ಹುಟ್ಟಿ, ತೆಂಗಿನಮರದೆತ್ತರಕ್ಕೆ ಬೆಳೆದು, ಕೈಯಲ್ಲಿ ಕನ್ನಡಿ ಹಿಡಿದು ಕುಣಿಯುವ ಮದನಿಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆಯಿದೆ. ಅಂಗೈಯವರು ಕನ್ನಡಿಯನ್ನು ಕಳಿಸಿಕೊಟ್ಟಿದ್ದಾರೆ, ಹುಣ್ಣನ್ನು ಒದಗಿಸುವ ಭಾಗ್ಯ ನಮ್ಮ ಊರಿನದಾಯಿತು.

ತಾವು ನಮ್ಮ ಕಣಕ್ಕೆ ಬಂದದ್ದು ತಮ್ಮ ತಪ್ಪಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ನಮ್ಮ ಯಜಮಾನರಾದ ಕೃಷ್ಣಪ್ಪನವರ ನಾಲಿಗೆಯದು. ಪ್ರತಿಷ್ಠಾನದ ಕೆಲಸದ ಮೇಲೆ ಬಂದ ನಿಸರ್ಗ ಎಂಬ ಹಾಸನದ ಹುಡುಗಿ, ತಮ್ಮನ್ನು ಊರಿನಲ್ಲಿ ಎಲ್ಲಿ ನಿಲ್ಲಿಸಿದರೆ ಚೆನ್ನ ಎಂದು ಬಸ್ ಸ್ಟಾಪಿನಲ್ಲಿ ಕೂತಿದ್ದ ಇವರನ್ನು ಕೇಳಿ, ಹೇಳಿದ್ದನ್ನೆಲ್ಲ ಫೋನಿನಲ್ಲಿ ತುಂಬಿಕೊಂಡಳು. ಊರಿಗೆ ಉಪಕಾರಿಯಾದ ಇವರು ಬಹಳ ಹುರುಪಿನಿಂದ, "ಕಲ್ಯಾಣಿ ತಾವ ಇಕ್ಕಿ ಕಣವ್ವ. ಅಲ್ಲಿ ನೆಳ್ಳದೆ ಕಣ. ಜನ ಕೂರಾಕೂ ಜಾಗ ಅದೆ ಕಣ" ಎಂದರು. ನಿಸರ್ಗಳಿಗೆ ಇದು ಸರಿಯಾಗಿಯೇ ಅರ್ಥವಾಯಿತು. ಆದರೆ ತಮ್ಮನ್ನು ನೆಲದ ಮೇಲೆ ಇಳಿಸುವ ಕೆಲಸ ಅವಳದಲ್ಲ, ದೂರದ ಪುಣೆಯಲ್ಲಿ ಕೂತಿರುವ ಸಂಜಯ್ ಎಂಬವರದು. ಅವರಿಗೆ ಕನ್ನಡ ಬಾರದು. ಅವರ ಬಳಿಯಿರುವ ಅನುವಾದದ ಯಂತ್ರಕ್ಕೆ ಬರುತ್ತದೆ, ಆದರೆ ನಿಘಂಟಿನಲ್ಲಿರುವಷ್ಟೇ. ಅದು ಕಲ್ಯಾಣಿಯನ್ನು ಯಾರೋ ಹೆಂಗಸಿನ ಹೆಸರೆಂದು ಬಿಟ್ಟು, ಕಣ ಎಂದು ಕೇಳಿಸಿದಲ್ಲೆಲ್ಲ ಧಾನ್ಯ ಒಕ್ಕುವ ಜಾಗವೆಂದು ಬರೆದುಕೊಂಡು, ಗ್ರಾಮದ ಹಿರಿಯರು ಬೇರಾವ ಸ್ಥಳಕ್ಕೂ ಒಪ್ಪದೆ ಮಾತುಮಾತಿಗೂ ಕಣವನ್ನೇ ಒತ್ತಿ ಕೇಳಿದ್ದಾರೆಂದು ವರದಿ ಕೊಟ್ಟಿತು. ಸಂಜಯ್ ಅವರು ಮೇಲಿನಿಂದ ತೆಗೆದ ಊರಿನ ಚಿತ್ರದಲ್ಲಿ ದುಂಡಗೆ ಬೋಳಾಗಿ ಕಂಡ ನಮ್ಮ ಹಿತ್ತಿಲನ್ನು ಹುಡುಕಿ ತಮ್ಮನ್ನು ಇಳಿಸಿದರು.

ನಮ್ಮ ಯಜಮಾನರು ಕಣವಿಲ್ಲದೆ ಮಾತಾಡಿದ್ದು ಒಮ್ಮೆ ಮಾತ್ರ, ಮದುವೆಯ ಮಂಟಪದಲ್ಲಿ, ಅದೂ ಪುರೋಹಿತರು ಸಂಸ್ಕೃತ ಹೇಳಿಕೊಟ್ಟಾಗ. ಈ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಕಣವಿದೆ, ನೆಲದ ಮೇಲೆ ಉಳಿದಿರುವ ಕಣ ಮಾತ್ರ ನಮ್ಮದೊಂದೇ. ಯಂತ್ರಕ್ಕೆ ಇದನ್ನು ತಿಳಿಸುವವರು ಯಾರು?

ನನ್ನದು ಗುಂಡಿ ಒತ್ತುವ ಫೋನಾದ್ದರಿಂದ ತಮ್ಮ ದರ್ಶನಕ್ಕಾಗಿ ಕೆರೆ ಹಿಂದಿನ ಬೀದಿಯ ಲಕ್ಷ್ಮಿದೇವಮ್ಮನವರ ಸೊಸೆ ಶಾಂತಿಯ ಫೋನನ್ನು ಎರವಲು ಪಡೆಯಬೇಕಾಯಿತು. ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಬಾರದು, ತಾವು ಬಹಳ ಚೆಲುವೆ. ಮೈತುಂಬ ಒಡವೆ, ಒಂದಕ್ಕಾದರೂ ಗಿರವಿ ಅಂಗಡಿಯ ಪರಿಚಯವಿಲ್ಲ. ಸೊಂಟ ಬಳುಕುತ್ತದೆ, ನೋಯುವುದಿಲ್ಲ. ಬಿಸಿಲಿನಲ್ಲಿ ಹಗಲಿಡೀ ಒಂದೇ ಕಾಲಿನ ಮೇಲೆ ಕುಣಿದರೂ ತಮಗೆ ಮಂಡಿ ಹಿಡಿಯುವುದಿಲ್ಲ, ತಾವು ಹಚ್ಚುವ ಎಣ್ಣೆಯ ಹೆಸರನ್ನು ತಿಳಿಸಿದರೆ ನಮ್ಮ ಸಂಘದ ಸದಸ್ಯೆಯರು ತಮಗೆ ಋಣಿಯಾಗಿರುತ್ತಾರೆ. ವಾರಕ್ಕೊಮ್ಮೆ ಗಡ್ಡ ಹೆರೆಯುತ್ತಿದ್ದ ಕೃಷ್ಣಪ್ಪನವರು ತಾವು ಬಂದಂದಿನಿಂದ ದಿನಾ ನುಣ್ಣಗೆ ಹೆರೆದುಕೊಂಡು, ದನ ನೋಡಿ ಬರುತ್ತೇನೆಂದು, ಬಂದವರ ಫೋನುಗಳಲ್ಲಿ ಇಣುಕಲು ಕಣದ ಕಡೆಗೆ ಹೋಗುತ್ತಾರೆ. ದನಗಳು ಕೊಟ್ಟಿಗೆಯಲ್ಲಿವೆ, ಕೊಟ್ಟಿಗೆ ಮನೆಯ ಮುಂಭಾಗದಲ್ಲಿದೆ.

ತಮ್ಮ ಅಭಿಮಾನಿಗಳ ವಿಷಯ ಹೇಳಲೇಬೇಕು. ಹಾಸನದಿಂದ ಕಾರುಗಳಲ್ಲಿ, ಹೊಳೆನರಸೀಪುರದಿಂದ ಬೈಕುಗಳಲ್ಲಿ ಬರುತ್ತಾರೆ. ತಾವು ತೆಂಗಿನಮರದೆತ್ತರ ಇರುವುದರಿಂದ ಅಡಿಯಿಂದ ಮುಡಿಯವರೆಗೆ ಫೋನಿನಲ್ಲಿ ಹಿಡಿಯಬೇಕಾದರೆ ಹಿಂದೆ ಹಿಂದೆ ಸರಿಯಬೇಕು, ಕಣದ ಹಿಂದೆ ಇರುವುದು ನಮ್ಮ ತಿಪ್ಪೆಗುಂಡಿ. ಚನ್ನರಾಯಪಟ್ಟಣದ ಒಬ್ಬ ಗೃಹಸ್ಥರು ತಮ್ಮ ಕಿರೀಟವನ್ನು ಚೌಕಟ್ಟಿನೊಳಗೆ ತರುವ ಭರದಲ್ಲಿ ಸೊಂಟದವರೆಗೆ ಗೊಬ್ಬರದಲ್ಲಿ ಇಳಿದುಹೋದರು. ಎದುರಿಗಿದ್ದ ಅವರ ಮನೆಯವರು ಕೈಕೊಟ್ಟು ಎತ್ತುವ ಬದಲು ವಿಡಿಯೊ ಮಾಡಿದರು, ಅದನ್ನು ತಮಗಿಂತ ಹೆಚ್ಚು ಜನ ನೋಡಿದ್ದಾರೆಂದು ಶಾಂತಿ ಹೇಳುತ್ತಾಳೆ. ಬಿದ್ದವರಿಗೆ ನೀರು ಕೊಟ್ಟದ್ದು ನಾನು, ಸೋಪು ಕೊಟ್ಟದ್ದೂ ನಾನೇ. ಆಮೇಲೆ ಮೂರು ದಿನ ನನಗೆ ನಗು ತಡೆಯಲಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಇವರೆಲ್ಲ ಮೊಸಳೆಯ ಗುಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಂದವರೇ, ನಮ್ಮ ಕಣಕ್ಕೆ ಮಾತ್ರ ಬೂಟಿನಲ್ಲೇ ನುಗ್ಗುತ್ತಾರೆ.

ಇಲ್ಲಿಂದ ಮುಂದಿನ ಮಾತು ಅಷ್ಟು ನಗುವಂಥದ್ದಲ್ಲ. ಕಣವೆಂದರೆ ಏನೆಂದು ತಮಗೆ ಯಾರೂ ಹೇಳಿರಲಾರರು. ನೆಲ ಕೆತ್ತಿ, ನೀರು ಹೊಡೆದು, ಉರುಳುಗಲ್ಲಿನ ಗುಂಡು ಎಳೆದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಒಣಗಿದ ಮೇಲೆ ಮತ್ತೆ ಸಾರಿಸಿದರೆ ಅದು ಕಣವಾಗುತ್ತದೆ, ಅಲ್ಲಿ ಮೆಟ್ಟು ಹಾಕಿಕೊಂಡು ಓಡಾಡಬಾರದು. ಈಗ ರಾಗಿ ಹೆಚ್ಚಿರುವವರು ಯಂತ್ರ ಕರೆಸುತ್ತಾರೆ. ಉಳಿದವರು ಟಾರು ರಸ್ತೆಗೆ ಹರವುತ್ತಿದ್ದರು, ಹೋದ ವರ್ಷ ಯಾರದೋ ಸ್ಕೂಟರ್ ಜಾರಿದ್ದರಿಂದ ಪೊಲೀಸರು ಅದನ್ನೂ ಬೇಡವೆಂದರು. ಹೀಗಾಗಿ ಯಂತ್ರಕ್ಕೆ ಸಾಲದಷ್ಟು ಬೆಳೆಯುವ ಕೆಲವು ಮನೆಯವರು ಸರದಿಯ ಮೇಲೆ ನಮ್ಮ ಕಣದಲ್ಲಿ ಒಕ್ಕಿಕೊಳ್ಳುತ್ತಾರೆ. ಮೊದಲ ಸರದಿ ನಮ್ಮದು, ಆಮೇಲೆ ರುದ್ರಯ್ಯನವರದು, ಹೀಗೆ ಬೀದಿ ಹಿಡಿದು ಬಂದು ಕೊನೆಗೆ ಲಕ್ಷ್ಮಿದೇವಮ್ಮನವರದು. ಅವರ ಅತ್ತೆಯ ಕಾಲದವರೆಗೂ ಆ ಮನೆಯವರು ಈ ಕಣದಲ್ಲಿ ಬೇರೆಯವರ ರಾಗಿಯನ್ನೇ ಒಕ್ಕಿ, ಕೂಲಿಯ ರಾಗಿ ಕಟ್ಟಿಕೊಂಡು ಹೋದವರು. ಕೆರೆ ಹಿಂದಿನ ತುಂಡು ಹೊಲ ತಮ್ಮದಾದ ಮೇಲೆ, ತಮ್ಮದೇ ರಾಶಿಯನ್ನು ಇಲ್ಲಿ ಹಾಕಿದ ಮೊದಲಿಗರು ಲಕ್ಷ್ಮಿದೇವಮ್ಮ. ಅವರ ಸರದಿ ಯಾಕೆ ಯಾವಾಗಲೂ ಕೊನೆಗೆ ಎಂದು ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ. ಊರಿನಲ್ಲಿ ಕೆಲವು ವಿಷಯಗಳು ತಮ್ಮ ಹಾಗೆಯೇ, ಬರಿಗಣ್ಣಿಗೆ ಕಾಣುವುದಿಲ್ಲ.

ಸರಿಯಾಗಿ ಅವರ ಸರದಿಯ ಮುನ್ನಾದಿನ ಪಂಚಾಯಿತಿ ಸದಸ್ಯರೂ ಆದ ರುದ್ರಯ್ಯನವರು ಕಣದ ಸುತ್ತ ಬಣ್ಣದ ಟೇಪು ಕಟ್ಟಿಸಿ, ಭಾನುವಾರ ಗಣ್ಯರಿಂದ ತಮ್ಮ ಉದ್ಘಾಟನೆಯಿರುವುದರಿಂದ ಅಲ್ಲಿಯವರೆಗೆ ಯಾರೂ ಒಕ್ಕಣೆ ಮಾಡತಕ್ಕದ್ದಲ್ಲ ಎಂದು ಬೋರ್ಡು ಹಾಕಿಸಿದರು. ಕಾರಣ ಕೇಳಿದರೆ ನಿಸರ್ಗ ತಲೆ ತಗ್ಗಿಸಿ ವಿವರಿಸಿದಳು. ಫೋನು ಮೊದಲು ಸಮನಾದ ನೆಲವನ್ನು ಹುಡುಕಿ ಅದರ ಮೇಲೆ ತಮ್ಮ ಪಾದವಿಡುತ್ತದಂತೆ, ಹುಲ್ಲು ಹರಡಿದರೆ, ರಾಶಿ ಹಾಕಿದರೆ ಅದಕ್ಕೆ ನೆಲ ಯಾವುದೆಂದು ತಿಳಿಯದೆ ತಾವು ಹೂತುಹೋಗುತ್ತೀರಂತೆ, ಇಲ್ಲವೇ ಗಾಳಿಯಲ್ಲಿ ತೇಲುತ್ತೀರಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಇಷ್ಟು ದಿನ ಬೇರೆಯವರ ಮೇಲೆ ಬಳಸುತ್ತಿದ್ದೆ, ತಮ್ಮಂಥ ದೊಡ್ಡವರಿಗೆ ಒಪ್ಪುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಊರಿನಲ್ಲಿ ಯಾರೂ ಬೋರ್ಡಿಗೆ ಎದುರಾಡಲಿಲ್ಲ. ನಮ್ಮದೂ ಸೇರಿದಂತೆ ಉಳಿದೆಲ್ಲರ ರಾಗಿಯೂ ಆಗಲೇ ಮನೆ ಸೇರಿತ್ತು, ಆದ್ದರಿಂದ ಕಲೆಯ ಮೇಲೆ ಎಲ್ಲರಿಗೂ ಬಹಳ ಗೌರವವಿತ್ತು.

ತಮ್ಮನ್ನು ನಾಲ್ಕು ಮಾರು ಆಚೆ, ಬೇಲಿಯ ಕಡೆಗೆ ಸರಿಸಿಕೊಡಿ ಎಂದು ನಾನೇ ನಿಸರ್ಗಳ ಫೋನಿನಿಂದ ಸಂಜಯ್ ಅವರನ್ನು ಬೇಡಿದೆ. ಅವರು ಸಜ್ಜನರು. ತಾವು ನಿಂತಿರುವ ಜಾಗ ಮೇಲಿನವರಿಂದ ಮಂಜೂರಾಗಿದೆಯೆಂದೂ, ಬದಲಾಯಿಸಲು ಸಮಿತಿ ಸೇರಬೇಕೆಂದೂ, ಅಲ್ಲಿಯವರೆಗೆ ಆ್ಯಪಿನಲ್ಲಿ ನಕ್ಷತ್ರ ಒತ್ತಿ ಅಭಿಪ್ರಾಯ ತಿಳಿಸಬಹುದೆಂದೂ ನಿಸರ್ಗಳ ಮೂಲಕ ಹೇಳಿಸಿದರು. ಕಲ್ಲಿನ ಬೊಂಬೆಯಾಗಿದ್ದರೆ ನಾಲ್ಕು ಜನ ಹಾರೆ ಹಾಕಿ ಎತ್ತಿ ಆಚೆಗಿಡುತ್ತಿದ್ದೆವು. ತೂಕವೇ ಇಲ್ಲದ ತಮ್ಮನ್ನು ಸರಿಸಲು ಇಡೀ ತಾಲ್ಲೂಕಿನಲ್ಲಿ ಯಾರಿಗೂ ಶಕ್ತಿಯಿಲ್ಲ. ಇಂಥ ಗಟ್ಟಿತನ ನಮ್ಮ ಸಂಘದ ಹೊಸ ಕಟ್ಟಡಕ್ಕೂ ಇಲ್ಲ.

ಶನಿವಾರ ಸಂಜೆ ಮೋಡ ಕಟ್ಟಿತು. ಸುಗ್ಗಿಯಲ್ಲಿ ಬರಬಾರದ ಮೋಡ. ಲಕ್ಷ್ಮಿದೇವಮ್ಮ ಟೇಪಿನ ಆಚೆ ನಿಂತು, ಕಣದ ಪಕ್ಕದಲ್ಲೇ ಒಟ್ಟಿದ್ದ ರಾಗಿ ತೆನೆಯ ಮೆದೆಯನ್ನು ನೋಡಿದರು, ಆಮೇಲೆ ಶಾಂತಿಯ ಫೋನು ಇಸಿದುಕೊಂಡು ತಮ್ಮನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಅವರು ನನ್ನ ಕಡೆ ತಿರುಗಿ, "ಆಯಮ್ಮ ಮಳೇಲಿ ನೆನೆಯಾಕಿಲ್ಲ ಕಣಕ್ಕ. ನನ್ ರಾಗಿ ನೆನೀತದೆ" ಎಂದರು, ಅಷ್ಟೇ. ಆ ಮನೆಯ ವರ್ಷದ ಮುದ್ದೆ ಆ ಮೆದೆಯಲ್ಲಿತ್ತು. ಕಣ ನನ್ನ ಹೆಸರಿನಲ್ಲಿದೆ, ಟೇಪು ರುದ್ರಯ್ಯನವರದು. ಟೇಪನ್ನು ಸುತ್ತಿ ಅವರ ಮನೆಯ ಜಗುಲಿಯ ಮೇಲೆ ಮರ್ಯಾದೆಯಿಂದ ಇಟ್ಟು ಬಂದೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಎತ್ತುಗಳು ಗುಂಡು ಎಳೆಯುತ್ತಿದ್ದವು. ಗಡ್ಡ ಹೆರೆದುಕೊಂಡು ದನ ನೋಡಲು ಹೊರಟ ಕೃಷ್ಣಪ್ಪನವರಿಗೆ ಆ ದಿನ ನಿಜವಾಗಿಯೂ ಕಣದಲ್ಲಿ ದನಗಳು ಸಿಕ್ಕವು, ಹಗ್ಗವನ್ನು ಅವರ ಕೈಗೇ ಕೊಟ್ಟೆ. ಹುಲ್ಲು ಎತ್ತಿ ಆದ ಮೇಲೆ ಗಾಳಿ ಏಳಲಿಲ್ಲ. ಗಾಳಿ ಎದ್ದಾಗ ಬಿಸಿಲೇರಿತ್ತು, ಲಕ್ಷ್ಮಿದೇವಮ್ಮ ಮೊರ ಎತ್ತಿದರು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ನಿಜವಾಗಿ ತೂರುವವರಿಗೇ. ಮೂರು ಪಾಲಿನಲ್ಲಿ ಎರಡು ಪಾಲು ತೂರಿ ಆಗುವಷ್ಟರಲ್ಲಿ ಗಣ್ಯರ ಕಾರುಗಳು ಬಂದು ನಿಂತವು.

ರುದ್ರಯ್ಯನವರ ಮುಖ ಆಗ ನೋಡುವಂತಿತ್ತು. ಗಣ್ಯರು ಫೋನು ಎತ್ತಿದರು. ತಾವು ಸೊಂಟದವರೆಗೆ ರಾಗಿಯಲ್ಲಿ ಹೂತಿದ್ದಿರಂತೆ, ಹೊಟ್ಟಿನ ಧೂಳು ಎದ್ದಾಗಲೆಲ್ಲ ನಡುಗಿ ಒಂದು ಕಡೆಗೆ ವಾಲುತ್ತಿದ್ದಿರಂತೆ, ಒಮ್ಮೆಯಂತೂ ಮೊರದ ಮೇಲೇ ಕುಣಿದಿರಂತೆ. ಎಲ್ಲ ಕೆಟ್ಟಿತು ಎಂದು ನಿಸರ್ಗ ಕಣ್ಣು ಮುಚ್ಚಿಕೊಂಡಳು. ಆದರೆ ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟಿದರು. ಪ್ರಾಚೀನ ಶಿಲ್ಪವನ್ನೂ ಶ್ರಮಿಕ ಮಹಿಳೆಯನ್ನೂ ಒಂದೇ ನೆಲದಲ್ಲಿ ಎದುರುಬದುರು ನಿಲ್ಲಿಸಿದ ಕಲ್ಪನೆ ಅದ್ಭುತವೆಂದು ಹೊಗಳಿ, ಇದನ್ನೆಲ್ಲ ಏರ್ಪಡಿಸಿದವರು ಯಾರೆಂದು ಕೇಳಿದರು. ಹಗ್ಗ ಹಿಡಿದು ನಿಂತಿದ್ದ ಕೃಷ್ಣಪ್ಪನವರಿಗೆ ಅಡ್ಡ ಬಂದು, ತಾನೇ ಎಂಬಂತೆ ಅತಿಥಿಗಳಿಗೆ ಕೈಮುಗಿದದ್ದು ರುದ್ರಯ್ಯನವರು.

ಅಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರದ ಬದಲು ತಮಗೆ ಅರಿಶಿನ ಕುಂಕುಮ ಕಳಿಸುತ್ತಿದ್ದೆ. ಅತಿಥಿಗಳಿಗೆ ವಿಡಿಯೊ ಬೇಕಾಯಿತು. ತೂರದೆ ಉಳಿದಿದ್ದ ಪಾಲಿನ ಹೊಟ್ಟು ಅವರ ಬಟ್ಟೆಗೆ ಬೀಳುತ್ತದೆಂದು, ಆಗಲೇ ತೂರಿ ಹಸನಾಗಿದ್ದ ರಾಗಿಯನ್ನೇ ಮತ್ತೆ ತೂರಿಸಿದರು. ಒಬ್ಬರ ಫೋನಿಗೆ ತಮ್ಮ ಮುಖ ಸಿಗಲಿಲ್ಲ, ಇನ್ನೊಬ್ಬರಿಗೆ ಬೆಳಕು ಸಾಲಲಿಲ್ಲ. ಪ್ರತಿಸಲವೂ ರುದ್ರಯ್ಯನವರು, "ಇನ್ನೊಂದ್ಸಲಿ ತೂರು ಕಣವ್ವ, ಸಾಹೇಬ್ರು ಕೇಳ್ತಾವ್ರೆ" ಎಂದರು. ಲಕ್ಷ್ಮಿದೇವಮ್ಮ ತೂರಿದರು. ನಾನು ಎದ್ದು, ಸಾಕು ಎಂದು ಕೂಗಿ, ಬೋರ್ಡನ್ನು ಕಿತ್ತು ತಿಪ್ಪೆಗೆ ಎಸೆಯುವಷ್ಟರಲ್ಲಿ ಒಳ್ಳೆಯ ಗಾಳಿ ಪೂರ್ತಿ ಅದರಲ್ಲೇ ಕಳೆದುಹೋಗಿತ್ತು, ಆಮೇಲೆ ಮಳೆ ಬಂತು. ಅತಿಥಿಗಳು ಕಾರಿಗೆ ಓಡಿದರು. ಹಸನಾದ ರಾಗಿಯನ್ನು ನಾವು ಹೇಗೋ ಚೀಲಕ್ಕೆ ತುಂಬಿ ಒಳಗೆ ಎಳೆದೆವು, ತೂರದೆ ಉಳಿದ ಪಾಲು ನಮ್ಮ ಕಣ್ಣೆದುರಿಗೇ ಹೊಟ್ಟಿನೊಂದಿಗೆ ಕೊಚ್ಚಿ ಕೆಸರಾಯಿತು. ಸಂಜೆ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನದೆ 'ಲಾಭ' ಅನ್ನುವುದು ನಮ್ಮ ಪದ್ಧತಿ. ಲಕ್ಷ್ಮಿದೇವಮ್ಮ ಲಾಭ ಎಂದೇ ಶುರು ಮಾಡಿದರು. ಎಣಿಕೆ ಬೇಗ ಮುಗಿಯಿತು.

ನನಗೆ ಸಿಟ್ಟು ಬಂದಿದೆ. ಮಾನ್ಯರೇ ಎಂದು ಬರೆದ ಕೈಯಲ್ಲೇ ಇದನ್ನೂ ಬರೆಯುತ್ತಿದ್ದೇನೆ. ತಮ್ಮ ಮೇಲೆ ಅಲ್ಲ, ತಮ್ಮ ಮೇಲೆ ಸಿಟ್ಟು ಮಾಡಿಕೊಂಡರೆ ಬಯಲಿನೊಡನೆ ಜಗಳವಾಡಿದಂತೆ. ಕಣ್ಣೆದುರಿಗೆ ನಿಂತು ಬೆವರುತ್ತಿದ್ದ ಹೆಂಗಸನ್ನು ಫೋನಿನೊಳಗಿಂದ ನೋಡಿದ ಮೇಲಷ್ಟೇ ಚಪ್ಪಾಳೆ ತಟ್ಟಿದವರ ಮೇಲೆ, ಬಾಯಲ್ಲಿ ಕಣ ಇಟ್ಟುಕೊಂಡು ಕಣವನ್ನೇ ಮರೆತ ನಮ್ಮೂರಿನವರ ಮೇಲೆ.

ಆದರೂ ನೆರೆಹೊರೆಯವರಾದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಹೇಗಿದ್ದರೂ ಹಗಲಿಡೀ ಕೈ ಆಡಿಸುತ್ತಲೇ ಇರುತ್ತೀರಿ, ಆ ಕೈಗೆ ಒಂದು ಮೊರ ಕೊಟ್ಟರೆ ಹಿಡಿಯಬಹುದೇ ನೋಡಿ. ಅದು ಆಗದಿದ್ದರೆ ಗುಬ್ಬಿ ಕಾಗೆಗಳನ್ನಾದರೂ ಓಡಿಸಿ, ಅವುಗಳ ಬಳಿ ಫೋನಿಲ್ಲದಿರುವುದು ನನಗೂ ಗೊತ್ತು, ಪ್ರಯತ್ನಿಸಿ. ತಮ್ಮ ಕನ್ನಡಿಯನ್ನು ಒಂದೇ ಒಂದು ಬೆಳಗ್ಗೆ ಕೃಷ್ಣಪ್ಪನವರ ಮುಖಕ್ಕೆ ತಿರುಗಿಸಿದರೆ ಮನೆಯಲ್ಲಿ ಬ್ಲೇಡಿನ ಖರ್ಚು ಉಳಿಯುತ್ತದೆ. ಪ್ರತಿಷ್ಠಾನದವರು ಮತ್ತೆ ಬಂದಿದ್ದರು. ಪ್ರತಿ ಭಾನುವಾರ ಲಕ್ಷ್ಮಿದೇವಮ್ಮ ತಮ್ಮ ಪಕ್ಕದಲ್ಲಿ ನಿಂತು, ರಾಗಿ ಇಲ್ಲದಿದ್ದರೂ ಪರವಾಗಿಲ್ಲ, ಬರಿಯ ಮೊರವನ್ನೇ ತೂರುವಂತೆ ಆಡಿಸಬೇಕಂತೆ. ಅದಕ್ಕೆ ಲಕ್ಷ್ಮಿದೇವಮ್ಮ ಕೊಟ್ಟ ಉತ್ತರವನ್ನು ಬರೆದರೆ ಈ ಪತ್ರವನ್ನು ಯಾರೂ ಅಚ್ಚು ಹಾಕುವುದಿಲ್ಲ. ಆ ಉತ್ತರವನ್ನು ಸಂಜಯ್ ಅವರ ಯಂತ್ರಕ್ಕೆ ಕಳಿಸಿದ್ದೇವೆ, ಅದು ಏನೆಂದು ಅನುವಾದಿಸಿತೋ ಇನ್ನೂ ತಿಳಿದುಬಂದಿಲ್ಲ.

ತಮ್ಮ ಕುಣಿತಕ್ಕೆ ಆಯಾಸವೂ ತಮ್ಮ ಒಡವೆಗೆ ಧೂಳೂ ತಾಗದಿರಲೆಂದು ಹಾರೈಸುತ್ತ,

ತಮ್ಮ ವಿಶ್ವಾಸಿ, ಹಾಗೂ ತಮ್ಮನ್ನು ಕಾಣಲಾಗದ ನೆರೆಯವಳು,
ಜಯಲಕ್ಷ್ಮಮ್ಮ

ಮರೆತ ಮಾತು: ಮುಂದಿನ ಸುಗ್ಗಿಯಿಂದ ಕಣದ ಸರದಿಯನ್ನು ತಿರುವುಮುರುವು ಮಾಡಿದ್ದೇನೆ. ಮೊದಲು ಲಕ್ಷ್ಮಿದೇವಮ್ಮನವರದು, ಕೊನೆಗೆ ರುದ್ರಯ್ಯನವರದು ಮತ್ತು ನಮ್ಮದು. ತಾವು ಈಗ ಎಲ್ಲಿಗೂ ಸರಿಯುವುದು ಬೇಡ, ಸಮಿತಿ ಸೇರುವುದೂ ಬೇಡ, ಹಾಯಾಗಿ ಅಲ್ಲೇ ಕುಣಿಯುತ್ತಿರಿ. ಅಡ್ಡಿಯಾಗುವುದು ರುದ್ರಯ್ಯನವರ ರಾಗಿಗೆ ಎಂದಾದ ದಿನ, ಯಾರಿಂದಲೂ ಸರಿಸಲಾಗದ ತಾವು ಹೊತ್ತು ಮುಳುಗುವುದರೊಳಗೆ ಕಲ್ಯಾಣಿಯ ಹತ್ತಿರ ನಿಂತಿರುತ್ತೀರಿ.